ಪುಟ್ ಅಪ್ ವಿತ್, ರನ್ ಔಟ್ ಆಫ್: ಮೂರು ಪದದ ಇಂಗ್ಲಿಷ್ ಕ್ರಿಯಾಪದ ಕಲಿಯುವ ದಾರಿ

ಇಂಗ್ಲಿಷ್ ಕಲಿಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "‘ಪುಟ್’ ಗೊತ್ತು, ‘ಅಪ್’ ಗೊತ್ತು, ‘ವಿತ್’ ಗೊತ್ತು. ಮೂರೂ ಸೇರಿದರೆ ‘ಸಹಿಸಿಕೊಳ್ಳು’ ಅಂತ ಹೇಗಾಗುತ್ತೆ? ಇಂಥವನ್ನೆಲ್ಲ ಬಾಯಿಪಾಠ ಮಾಡಲೇಬೇಕಾ?"

ಬಾಯಿಪಾಠ ಬೇಡ. ಕನ್ನಡ ಮಾತಾಡುವವರಿಗೆ ಇದನ್ನು ಹಿಡಿಯೋಕೆ ಒಳ್ಳೆಯ ದಾರಿ ಇದೆ. ಆ ದಾರಿ ನಮ್ಮ ಮಾತಿನಲ್ಲೇ ಇದೆ, ನಾವು ಅದನ್ನು ಗಮನಿಸಿಲ್ಲ ಅಷ್ಟೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಹೆಸರಿನ ವಿಷಯ. ಒಂದು ಕ್ರಿಯಾಪದಕ್ಕೆ ಅಪ್, ಔಟ್, ಡೌನ್, ಅವೇ ಥರದ ಚಿಕ್ಕ ಪದ ಸೇರಿ ಹೊಸ ಅರ್ಥ ಬಂದರೆ ಅದಕ್ಕೆ ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಆ ಚಿಕ್ಕ ಪದಕ್ಕೆ ‘ಪಾರ್ಟಿಕಲ್’ ಎಂದು ಹೆಸರು. ಅದರ ನಂತರ ಇನ್ನೊಂದು ಪದ, ಅಂದರೆ ವಿತ್, ಆಫ್ (ಒಂದೇ ‘ಎಫ್’ ಇರುವುದು), ಟು, ಆನ್, ಫಾರ್ ಇವುಗಳಲ್ಲಿ ಒಂದು ಸೇರಿದರೆ ಮೂರು ಪದದ್ದಾಗುತ್ತದೆ. ಈ ಕೊನೆಯ ಪದವೇ ‘ಪ್ರಿಪೊಸಿಷನ್’. ವ್ಯಾಕರಣದ ಪುಸ್ತಕಗಳಲ್ಲಿ ಇಡೀ ಗುಂಪಿಗೆ ‘ಫ್ರೇಸಲ್-ಪ್ರಿಪೊಸಿಷನಲ್ ವರ್ಬ್’ ಎಂಬ ಉದ್ದದ ಹೆಸರು ಸಿಗುತ್ತದೆ. ಹೆಸರಿಗೆ ಹೆದರಬೇಡಿ. ಮೊದಲ ಎರಡು ಪದ ಒಂದು ಜೋಡಿ, ಕೊನೆಯದು ಬೇರೆ ಕೆಲಸದ್ದು ಅಂತ ಆ ಹೆಸರೇ ಹೇಳುತ್ತಿದೆ.

ನಿಮಗೆ ಬೇಕಾಗುವುದು ಒಂದು ನೋಟ್‌ಬುಕ್, ದಿನಕ್ಕೆ ಹದಿನೈದು ನಿಮಿಷ, ಮತ್ತು ಕಲಿಯುವವರಿಗಾಗಿಯೇ ಮಾಡಿದ ಒಂದು ಡಿಕ್ಷನರಿ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ನವರ ಇಂಥ ಡಿಕ್ಷನರಿಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಲ್ಲಿ ನಾನು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನೀವು ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಿ, ಸ್ಪೆಲ್ಲಿಂಗ್ ಕೂಡ ಕೈಗೆ ಹತ್ತುತ್ತದೆ.

ಹಂತ 1: ಮೂರನೇ ಪದ ಯಾರ ಕಡೆಯದು ಅಂತ ತಿಳಿದುಕೊಳ್ಳಿ

ಈ ನಾಲ್ಕು ಮಾತು ಓದಿ.

ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ.
ನಮ್ಮ ವಿಷಯಕ್ಕೆ ತಲೆ ಹಾಕಬೇಡ.
ಆ ವ್ಯವಹಾರದಿಂದ ಅವನು ಕೈ ತೊಳೆದುಕೊಂಡ.
ತಮ್ಮನ ಮೇಲೆ ಹರಿಹಾಯ್ದ.

‘ತಲೆ ಹಾಕು’ ಅಂದಾಗ ಯಾರೂ ತಲೆಯನ್ನು ಎಲ್ಲೂ ಹಾಕುವುದಿಲ್ಲ. ಎರಡು ಪದ ಸೇರಿ ಮೂರನೆಯದೇ ಅರ್ಥ ಬಂದಿದೆ. ‘ಪುಟ್ ಅಪ್’ ಇರುವುದೂ ಹೀಗೆಯೇ. ಇನ್ನು ‘ವಿಷಯಕ್ಕೆ’ಯ ‘ಕ್ಕೆ’ ನೋಡಿ, ‘ವ್ಯವಹಾರದಿಂದ’ದ ‘ಇಂದ’ ನೋಡಿ. ‘ವಿಷಯದಿಂದ ತಲೆ ಹಾಕಬೇಡ’ ಅಂತ ಯಾರಾದರೂ ಅಂದರೆ ಕಿವಿಗೆ ತಕ್ಷಣ ಚುಚ್ಚುತ್ತದೆ. ಯಾವ ಮಾತಿಗೆ ಯಾವ ವಿಭಕ್ತಿ ಅಂತ ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಮಾತಿನ ಜೊತೆಗೇ ಬಂತು.

ಮೂರು ಪದದ ಇಂಗ್ಲಿಷ್ ಕ್ರಿಯಾಪದದಲ್ಲಿ ಮೂರನೇ ಪದ ಮಾಡುವುದು ಇದೇ ಕೆಲಸ, ವಿಭಕ್ತಿಯ ಕೆಲಸ. ಅದು ಕ್ರಿಯಾಪದವನ್ನು ಮುಂದೆ ಬರುವ ಹೆಸರಿಗೆ, ಅಂದರೆ ನಾಮಪದಕ್ಕೆ, ಕಟ್ಟುತ್ತದೆ. ನಮ್ಮಲ್ಲಿ ವಿಭಕ್ತಿ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಹೆಸರಿನ ಮುಂಚೆ ಬಿಡಿಯಾಗಿ ನಿಲ್ಲುತ್ತದೆ. ಆದ್ದರಿಂದಲೇ ಅದು ಕ್ರಿಯಾಪದದ ತುಂಡಿನ ಹಾಗೆ ಕಂಡು ನಮ್ಮನ್ನು ಗೊಂದಲಕ್ಕೆ ಹಾಕುತ್ತದೆ.

ನಂಬಿಕೆ ಬರಲಿಲ್ಲವಾ? ಹೆಸರನ್ನು ತೆಗೆದು ನೋಡಿ. ‘ಹಿ ಡ್ರಾಪ್ಡ್ ಔಟ್ ಆಫ್ ಕಾಲೇಜ್’, ಅವನು ಕಾಲೇಜು ಅರ್ಧಕ್ಕೆ ಬಿಟ್ಟ. ಕಾಲೇಜು ಅನ್ನುವುದನ್ನು ತೆಗೆದರೆ ‘ಹಿ ಡ್ರಾಪ್ಡ್ ಔಟ್’. ಕಾಲೇಜಿನ ಜೊತೆ ‘ಆಫ್’ ಕೂಡ ಹೊರಟುಹೋಯಿತು. ‘ಐ ಕಾಂಟ್ ಕೀಪ್ ಅಪ್ ವಿತ್ ಹರ್’, ಅವಳ ಸಮಕ್ಕೆ ನನಗೆ ಹೋಗೋಕಾಗಲ್ಲ. ‘ಹರ್’ ತೆಗೆದರೆ ‘ಐ ಕಾಂಟ್ ಕೀಪ್ ಅಪ್’. ‘ವಿತ್’ ಇಲ್ಲ.

ಎಲ್ಲದರಲ್ಲೂ ಹೀಗೆ ತೆಗೆಯಲು ಬರುವುದಿಲ್ಲ, ಜೋಕೆ. ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’, ‘ಕಮ್ ಅಪ್ ವಿತ್’ ಈ ಮೂರು ತಮ್ಮ ಕೊನೆಯ ಪದವನ್ನು ಬಿಟ್ಟುಕೊಡುವುದಿಲ್ಲ. ಬಿಟ್ಟರೆ ಅರ್ಥವೇ ಬದಲಾಗುತ್ತದೆ, ಇಲ್ಲವೇ ವಾಕ್ಯ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ.

ಹಂತ 2: ಹನ್ನೆರಡರಿಂದ ಶುರು ಮಾಡಿ

ಐನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಡೌನ್‌ಲೋಡ್ ಮಾಡಿಕೊಂಡು ಕೂತವರು ಎರಡನೇ ವಾರಕ್ಕೆ ಬಿಟ್ಟದ್ದನ್ನೇ ನಾನು ಕಂಡಿದ್ದೇನೆ. ಮನೆ ಮತ್ತು ಆಫೀಸಿನ ಮಾತಿಗೆ ಮೊದಲು ಈ ಹನ್ನೆರಡು ಸಾಕು.

ರನ್ ಔಟ್ ಆಫ್: ಇದ್ದದ್ದು ಖಾಲಿಯಾಗು.
ಪುಟ್ ಅಪ್ ವಿತ್: ಇಷ್ಟವಿಲ್ಲದಿದ್ದರೂ ಸಹಿಸಿಕೊಳ್ಳು.
ಲುಕ್ ಫಾರ್ವರ್ಡ್ ಟು: ಖುಷಿಯಿಂದ ಎದುರುನೋಡು.
ಕಮ್ ಅಪ್ ವಿತ್: ಉಪಾಯ, ಹೆಸರು, ಉತ್ತರ ಹೊಳೆಯು.
ಗೆಟ್ ಅಲಾಂಗ್ ವಿತ್: ಒಬ್ಬರ ಜೊತೆ ಹೊಂದಿಕೊಂಡು ಹೋಗು. ಬ್ರಿಟನ್‌ನಲ್ಲಿ ‘ಗೆಟ್ ಆನ್ ವಿತ್’ ಜಾಸ್ತಿ ಕೇಳುತ್ತದೆ.
ಕೀಪ್ ಅಪ್ ವಿತ್: ಹಿಂದೆ ಬೀಳದೆ ಸಮಕ್ಕೆ ಹೋಗು.
ಕ್ಯಾಚ್ ಅಪ್ ವಿತ್: ಮುಂದೆ ಹೋದವರನ್ನು ಹಿಡಿ, ಬಹಳ ದಿನದ ಮೇಲೆ ಸಿಕ್ಕವರ ಜೊತೆ ಸುಖದುಃಖ ಮಾತಾಡು.
ಕಟ್ ಡೌನ್ ಆನ್: ಕಡಿಮೆ ಮಾಡು. ಸಕ್ಕರೆ, ಖರ್ಚು, ಸಿಗರೇಟು, ಮೊಬೈಲು.
ಬ್ಯಾಕ್ ಔಟ್ ಆಫ್: ಒಪ್ಪಿಕೊಂಡ ಮೇಲೆ ಹಿಂದೆ ಸರಿ.
ಗೆಟ್ ಅವೇ ವಿತ್: ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗು.
ಮೇಕ್ ಅಪ್ ಫಾರ್: ಆದ ನಷ್ಟವನ್ನು ಸರಿದೂಗಿಸು.
ಗೆಟ್ ರೌಂಡ್ ಟು: ಕೊನೆಗೂ ಪುರುಸೊತ್ತು ಮಾಡಿಕೊಂಡು ಒಂದು ಕೆಲಸ ಮಾಡು. ಅಮೆರಿಕದಲ್ಲಿ ‘ಗೆಟ್ ಅರೌಂಡ್ ಟು’.

ವಾರಕ್ಕೆ ಮೂರು. ಅದಕ್ಕಿಂತ ಜಾಸ್ತಿ ಬೇಡ. ಮೂರನ್ನು ಆರಿಸುವಾಗ ಒಂದೇ ಪದದಿಂದ ಶುರುವಾಗುವವನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ. ‘ಗೆಟ್’ ಇರುವ ಮೂರನ್ನು ಒಂದೇ ದಿನ ಕಲಿತರೆ ಅವು ತಲೆಯಲ್ಲಿ ಒಂದಕ್ಕೊಂದು ಕಲಸಿಹೋಗುತ್ತವೆ.

ಹಂತ 3: ವಾಕ್ಯದ ಯಜಮಾನ ಯಾರು ಅಂತ ನೋಡಿ

ಈ ಹಂತಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಅರ್ಥ ಗೊತ್ತಿದ್ದೂ ವಾಕ್ಯ ಮಾಡಲು ತಡವರಿಸುವುದಕ್ಕೆ ದೊಡ್ಡ ಕಾರಣ ಇಲ್ಲಿದೆ. ಶಾಲೆಯ ವ್ಯಾಕರಣದ ಪಾಠದಲ್ಲಿ ಇದನ್ನು ಹೇಳಿಕೊಟ್ಟದ್ದು ನಾನಂತೂ ನೋಡಿಲ್ಲ.

ಕನ್ನಡದಲ್ಲಿ ನಾವು ‘ಗ್ಯಾಸ್ ಖಾಲಿಯಾಗಿದೆ’ ಅನ್ನುತ್ತೇವೆ. ವಾಕ್ಯದ ಯಜಮಾನ ಗ್ಯಾಸು. ಆದರೆ ‘ರನ್ ಔಟ್ ಆಫ್’ನಲ್ಲಿ ಯಜಮಾನ ಮನೆಯವರು: ‘ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್’. ಕನ್ನಡದ ಜಾಡು ಹಿಡಿದು ‘ಗ್ಯಾಸ್ ಹ್ಯಾಸ್ ರನ್ ಔಟ್ ಆಫ್’ ಎಂದರೆ ತಪ್ಪು. ಗ್ಯಾಸನ್ನೇ ಮೊದಲು ಹೇಳಬೇಕೆಂದರೆ ‘ದ ಗ್ಯಾಸ್ ಹ್ಯಾಸ್ ರನ್ ಔಟ್’ ಎಂದು ನಿಲ್ಲಿಸಿ. ಕಟ್ಟಬೇಕಾದ ಹೆಸರು ಮುಂದೆ ಇಲ್ಲವಲ್ಲ, ಹಾಗಾಗಿ ‘ಆಫ್’ ಬೇಡ. ಹಂತ 1ರ ಲೆಕ್ಕವೇ ಇದು.

‘ಅವಳಿಗೆ ಒಂದು ಉಪಾಯ ಹೊಳೆಯಿತು.’ ನಮ್ಮಲ್ಲಿ ಉಪಾಯ ತಾನಾಗಿ ಬಂದು ಅವಳಿಗೆ ಹೊಳೆಯುತ್ತದೆ. ಇಂಗ್ಲಿಷ್‌ನಲ್ಲಿ ಅವಳೇ ಅದನ್ನು ತಂದವಳು: ‘ಶಿ ಕೇಮ್ ಅಪ್ ವಿತ್ ಎ ಪ್ಲಾನ್’.

‘ಅವನಿಗೂ ಮ್ಯಾನೇಜರ್‌ಗೂ ಆಗಿಬರಲ್ಲ.’ ಇಂಗ್ಲಿಷ್‌ನಲ್ಲಿ ‘ಹಿ ಡಸಂಟ್ ಗೆಟ್ ಅಲಾಂಗ್ ವಿತ್ ಹಿಸ್ ಮ್ಯಾನೇಜರ್’.

‘ಮಗುವಿಗೆ ಜ್ವರ ಬಂದಿದೆ.’ ಇದಕ್ಕೆ ಇನ್ನೊಂದು ಮೂರು ಪದದ್ದು ಇದೆ, ‘ಕಮ್ ಡೌನ್ ವಿತ್’. ‘ದ ಚೈಲ್ಡ್ ಹ್ಯಾಸ್ ಕಮ್ ಡೌನ್ ವಿತ್ ಎ ಫೀವರ್’. ನೆಗಡಿ, ಫ್ಲೂ, ಜ್ವರದಂಥವಕ್ಕೆ ಇದನ್ನು ಬಳಸುತ್ತಾರೆ. ಕಾಲು ಮುರಿದದ್ದಕ್ಕೆ ಬಳಸುವುದಿಲ್ಲ.

ನೋಡಿ, ಕನ್ನಡದಲ್ಲಿ ‘ಅವಳಿಗೆ’, ‘ಅವನಿಗೆ’, ‘ಮಗುವಿಗೆ’ ಅಂತ ‘ಗೆ’ ಹಿಡಿದು ಬಂದವರೇ ಇಂಗ್ಲಿಷ್ ವಾಕ್ಯದ ತಲೆಗೆ ಹೋಗಿ ಕೂತರು. ಆದ್ದರಿಂದ ಪ್ರತಿ ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ಪಕ್ಕದಲ್ಲಿ ‘ಯಾರು, ಏನನ್ನು’ ಅಂತ ಒಂದು ಸಾಲು ಬರೆಯಿರಿ. ರನ್ ಔಟ್ ಆಫ್: ಯಾರು, ಮನೆಯವರು, ಏನು, ಗ್ಯಾಸ್. ಎರಡು ನಿಮಿಷದ ಕೆಲಸ, ಆದರೆ ಮಾತಾಡುವಾಗ ಬಾಯಿ ತಡವರಿಸುವುದು ನಿಲ್ಲುತ್ತದೆ.

ಅಂದ ಹಾಗೆ, ಕ್ರಿಕೆಟ್‌ನ ರನ್ ಔಟ್ ಬೇರೆ. ಅಲ್ಲಿ ಬ್ಯಾಟ್ಸ್‌ಮನ್ ‘ವಾಸ್ ರನ್ ಔಟ್’ ಆಗುತ್ತಾನೆ. ಹಾಲು ‘ರ‍್ಯಾನ್ ಔಟ್’ ಆಗುತ್ತದೆ.

ಹಂತ 4: ಮೂರನ್ನೂ ಬಿಡಿಸಬೇಡಿ

ಎರಡು ಪದದ ಹಲವು ಫ್ರೇಸಲ್ ವರ್ಬ್‌ಗಳನ್ನು ಬಿಡಿಸಬಹುದು. ‘ಪಿಕ್ ಅಪ್ ದ ಫೋನ್’ ಸರಿ, ‘ಪಿಕ್ ದ ಫೋನ್ ಅಪ್’ ಕೂಡ ಸರಿ. ‘ಇಟ್’ ಬಂದರಂತೂ ಮಧ್ಯೆಯೇ ಇಡಬೇಕು: ‘ಪಿಕ್ ಇಟ್ ಅಪ್’. ಈ ಅಭ್ಯಾಸವನ್ನು ಮೂರು ಪದದ್ದಕ್ಕೆ ತಂದರೆ ಎಡವುತ್ತೀರಿ. ‘ಪುಟ್ ಇಟ್ ಅಪ್ ವಿತ್’ ತಪ್ಪು. ‘ಪುಟ್ ಅಪ್ ವಿತ್ ಇಟ್’ ಸರಿ. ಹೆಸರಾಗಲಿ, ‘ಇಟ್’ ಆಗಲಿ, ‘ಹಿಮ್’ ಆಗಲಿ, ಮೂರನೇ ಪದದ ನಂತರವೇ.

ಕೆಲವು ಮಾತ್ರ ಬೇರೆ ಜಾತಿ. ಅವಕ್ಕೆ ಎರಡು ಹೆಸರು ಬೇಕು, ಒಂದು ಮಧ್ಯೆ, ಒಂದು ಕೊನೆಗೆ. ‘ಶಿ ಟಾಕ್ಡ್ ಮಿ ಔಟ್ ಆಫ್ ಬೈಯಿಂಗ್ ದ ಸೈಟ್’ ಅಂದರೆ ನನಗೆ ಮಾತಲ್ಲಿ ತಿಳಿಹೇಳಿ ಸೈಟು ಕೊಳ್ಳದ ಹಾಗೆ ಮಾಡಿದಳು. ‘ಡೋಂಟ್ ಟೇಕ್ ಇಟ್ ಔಟ್ ಆನ್ ದ ಕಿಡ್ಸ್’ ಅಂದರೆ ಆ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಳ್ಳಬೇಡ.

ಯಾವುದು ಯಾವ ಜಾತಿ ಅಂತ ತಿಳಿಯೋಕೆ ಡಿಕ್ಷನರಿ ನೋಡಿ. ಅಲ್ಲಿ ‘ಸಮ್‌ಬಡಿ’, ‘ಸಮ್‌ಥಿಂಗ್’ ಎಂಬ ಪದಗಳನ್ನು ಎಲ್ಲಿ ಇಟ್ಟಿದ್ದಾರೆ ಅನ್ನುವುದೇ ಉತ್ತರ. ಕೊನೆಯಲ್ಲಿ ಮಾತ್ರ ಇದ್ದರೆ ಬಿಡಿಸುವ ಹಾಗಿಲ್ಲ. ಮಧ್ಯೆಯೂ ಕೊನೆಗೂ ಇದ್ದರೆ ಎರಡು ಹೆಸರಿನದು. ಕೆಲವು ಪುಸ್ತಕಗಳಲ್ಲಿ ಇವನ್ನು ಎರಡು ಮೂರು ಅಕ್ಷರಕ್ಕೆ ಮೊಟಕು ಮಾಡಿರುತ್ತಾರೆ, ಹೆಚ್ಚಿನವರು ಅದನ್ನು ದಾಟಿಕೊಂಡು ಅರ್ಥಕ್ಕೆ ಓಡುತ್ತಾರೆ. ಓಡಬೇಡಿ, ಬೇಕಾದ ಮಾಹಿತಿ ಅಲ್ಲೇ ಇದೆ.

ಕಾಲ ಬದಲಾದಾಗ ಮೊದಲ ಪದ ಮಾತ್ರ ಬದಲಾಗುತ್ತದೆ: ಕೀಪ್ ಹೋಗಿ ಕೆಪ್ಟ್, ಕ್ಯಾಚ್ ಹೋಗಿ ಕಾಟ್, ಗೆಟ್ ಹೋಗಿ ಗಾಟ್. ‘ಪುಟ್’ ಮತ್ತು ‘ಕಟ್’ ಭೂತಕಾಲದಲ್ಲೂ ಹಾಗೇ ಇರುತ್ತವೆ.

ಹಂತ 5: ‘ಟು’ ಬಂದಲ್ಲಿ ನಿಂತು ನೋಡಿ

ನಮ್ಮ ಆಫೀಸುಗಳ ಮೇಲ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’. ಸರಿಯಾದದ್ದು ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯೂ’. ‘ಟು’ ಕಂಡ ತಕ್ಷಣ ಮುಂದೆ ಮೂಲ ಕ್ರಿಯಾಪದ ಹಾಕುವ ಅಭ್ಯಾಸ ನಮಗೆ ‘ವಾಂಟ್ ಟು ಗೋ’, ‘ಹ್ಯಾವ್ ಟು ಈಟ್’ ಇವುಗಳಿಂದ ಬಂದಿದೆ. ಆ ‘ಟು’ ಬೇರೆ, ಈ ‘ಟು’ ಬೇರೆ.

ಪರೀಕ್ಷೆ ಸುಲಭ. ‘ಟು’ ಮುಂದೆ ‘ಇಟ್’ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’, ಸರಿಯಾಗಿ ಕೂರುತ್ತದೆ. ಅಂದರೆ ಈ ‘ಟು’ಗೆ ಹೆಸರು ಬೇಕು. ಕ್ರಿಯಾಪದ ಬಂದರೆ ಅದನ್ನು ಹೆಸರಿನ ಹಾಗೆ ಮಾಡಬೇಕು, ಅಂದರೆ ‘ಇಂಗ್’ ಹಚ್ಚಬೇಕು. ನಾವು ‘ನೋಡು’ ಎಂಬುದನ್ನು ‘ನೋಡುವುದು’ ಅಂತ ಮಾಡಿಕೊಳ್ಳುತ್ತೇವಲ್ಲ, ಅದೇ. ‘ಐ ವಾಂಟ್ ಟು ಇಟ್’ ಅಂದು ನೋಡಿ, ಕೂರುವುದಿಲ್ಲ. ಅಲ್ಲಿ ಮೂಲ ಕ್ರಿಯಾಪದವೇ ಬರಬೇಕು.

ಮೂರನೇ ಪದ ಯಾವುದೇ ಇರಲಿ, ನಿಯಮ ಇದೇ. ‘ಕಟ್ ಡೌನ್ ಆನ್ ಈಟಿಂಗ್ ಔಟ್’. ‘ಬ್ಯಾಕ್ಡ್ ಔಟ್ ಆಫ್ ಸೆಲ್ಲಿಂಗ್ ದ ಹೌಸ್’. ‘ಐ ನೆವರ್ ಗಾಟ್ ರೌಂಡ್ ಟು ಕಾಲಿಂಗ್ ಹಿಮ್’.

ಪ್ರಶ್ನೆಯಲ್ಲೂ ಮೂರನೇ ಪದವನ್ನು ನುಂಗಬೇಡಿ. ‘ವಾಟ್ ಆರ್ ಯೂ ಲುಕಿಂಗ್ ಫಾರ್ವರ್ಡ್ ಟು?’ ಕೊನೆಯಲ್ಲಿ ‘ಟು’ ಒಂಟಿಯಾಗಿ ನಿಂತದ್ದು ನೋಡಿ ಏನೋ ಬಿಟ್ಟುಹೋಗಿದೆ ಅನ್ನಿಸಬಹುದು. ಇಲ್ಲ, ಅದು ಅಲ್ಲೇ ಇರಬೇಕು.

ಹಂತ 6: ಬಾಯಲ್ಲಿ ಹೇಳಿ, ಮಧ್ಯದ ಪದಕ್ಕೆ ಒತ್ತು ಕೊಡಿ

ಮೂರರಲ್ಲಿ ಸಾಮಾನ್ಯವಾಗಿ ಒತ್ತು ಬೀಳುವುದು ಎರಡನೆಯದರ ಮೇಲೆ. ಪುಟ್ ‘ಅಪ್’ ವಿತ್. ರನ್ ‘ಔಟ್’ ಆಫ್. ಮೂರನೆಯದು ತೇಲಿಹೋಗುತ್ತದೆ. ‘ಔಟ್ ಆಫ್’ ವೇಗದ ಮಾತಿನಲ್ಲಿ ‘ಔಟಾ’ ಆಗುತ್ತದೆ. ‘ಫಾರ್ವರ್ಡ್ ಟು’ವಿನ ‘ಟು’ ಬರೀ ‘ಟ’ ಅಂತ ಕೇಳುತ್ತದೆ. ಸಿನಿಮಾ ನೋಡುವಾಗ ಮೂರನೇ ಪದ ಕೇಳಲೇ ಇಲ್ಲ ಅನ್ನಿಸುವುದು ಇದಕ್ಕೇ. ನಾವು ಮೂರಕ್ಕೂ ಸಮನಾಗಿ ಒತ್ತು ಕೊಟ್ಟು ಹೇಳಿದರೆ ತಪ್ಪೇನಲ್ಲ, ಅರ್ಥವಾಗುತ್ತದೆ. ಆದರೆ ಹೀಗೆ ಒತ್ತು ಹಾಕಿ ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡರೆ ಬೇರೆಯವರು ಹೇಳಿದಾಗ ಕಿವಿ ತಾನಾಗಿ ಹಿಡಿಯುತ್ತದೆ. ಆನ್‌ಲೈನ್ ಡಿಕ್ಷನರಿಯಲ್ಲಿ ಸ್ಪೀಕರ್ ಗುರುತು ಇದ್ದರೆ ಅದನ್ನು ಒತ್ತಿ ಮೊದಲು ಕೇಳಿ, ಆಮೇಲೆ ಹೇಳಿ.

ಹಂತ 7: ಒಂದೇ ಥರ ಕಾಣುವವನ್ನು ಎದುರುಬದುರು ಇಡಿ

ಮೊದಲ ಹನ್ನೆರಡು ಬಾಯಿಗೆ ಬಂದ ಮೇಲೆ ಇದಕ್ಕೆ ಬನ್ನಿ, ಮುಂಚೆ ಬೇಡ. ಮೂರನೇ ಪದ ಒಂದು ಬದಲಾದರೆ ಅರ್ಥ ಎಲ್ಲಿಗೆ ಹೋಗುತ್ತದೆ ನೋಡಿ.

‘ಸ್ಟ್ಯಾಂಡ್ ಅಪ್ ಫಾರ್ ಯುವರ್ ಸಿಸ್ಟರ್’ ಅಂದರೆ ಅಕ್ಕನ ಪರವಾಗಿ ನಿಲ್ಲು. ‘ಸ್ಟ್ಯಾಂಡ್ ಅಪ್ ಟು ಯುವರ್ ಸಿಸ್ಟರ್’ ಅಂದರೆ ಅಕ್ಕನಿಗೆ ಹೆದರದೆ ಎದುರು ನಿಲ್ಲು. ಒಂದು ಪದ ಅದಲುಬದಲಾದರೆ ಪಕ್ಷವೇ ಬದಲಾಯಿತು.

‘ಕ್ಯಾಚ್ ಅಪ್ ವಿತ್’ ಮನುಷ್ಯರಿಗೆ, ‘ಕ್ಯಾಚ್ ಅಪ್ ಆನ್’ ಬಾಕಿ ಉಳಿದ ಕೆಲಸಕ್ಕೆ, ಓದಿಗೆ, ನಿದ್ದೆಗೆ.

‘ಲುಕ್ ಅಪ್ ಟು’ ಅಂದರೆ ಗೌರವದಿಂದ ಕಾಣು. ‘ಲುಕ್ ಡೌನ್ ಆನ್’ ಅಂದರೆ ಕೀಳಾಗಿ ಕಾಣು. ಇವೆರಡು ಒಂದಕ್ಕೊಂದು ವಿರುದ್ಧ, ಆದರೆ ಒಂದರಲ್ಲಿ ‘ಟು’, ಇನ್ನೊಂದರಲ್ಲಿ ‘ಆನ್’.

ಕೊನೆಯ ಎರಡು ಪದದ ಜೋಡಿಗೆ ಒಂದು ಮನೋಧರ್ಮವೂ ಇದೆ. ‘ಔಟ್ ಆಫ್’ ಇರುವಲ್ಲಿ ಒಂದರಿಂದ ಆಚೆ ಬರುವ ಭಾವ: ಡ್ರಾಪ್, ಬ್ಯಾಕ್, ರನ್, ಟಾಕ್ ಎಲ್ಲದರಲ್ಲೂ. ‘ಅಪ್ ಟು’ ಇರುವಲ್ಲಿ ಒಂದರ ಎದುರಿಗೆ ಹೋಗಿ ನಿಲ್ಲುವ ಅಥವಾ ಅದರ ಎತ್ತರ ಮುಟ್ಟುವ ಭಾವ ಬಹಳ ಸಲ ಸಿಗುತ್ತದೆ. ‘ಓನ್ ಅಪ್ ಟು’, ಮಾಡಿದ ತಪ್ಪು ಒಪ್ಪಿಕೊಳ್ಳು. ‘ಫೇಸ್ ಅಪ್ ಟು’, ಕಹಿ ಸತ್ಯಕ್ಕೆ ಮುಖ ಕೊಡು. ‘ಲಿವ್ ಅಪ್ ಟು’, ಇಟ್ಟ ನಿರೀಕ್ಷೆಗೆ ತಕ್ಕಂತೆ ನಡೆ. ಹೊಸದೊಂದು ಎದುರಾದಾಗ ಅರ್ಥ ಊಹಿಸಲು ಇದು ಸಹಾಯ ಮಾಡುತ್ತದೆ. ಆದರೆ ಊಹೆಯನ್ನೇ ನಂಬಿ ಕೂರಬೇಡಿ, ಡಿಕ್ಷನರಿ ತೆಗೆದು ನೋಡಿ. ‘ಪುಟ್ ಅಪ್ ವಿತ್’ ಯಾವ ಊಹೆಗೂ ಸಿಗುವುದಿಲ್ಲ.

ನಮ್ಮಲ್ಲಿ ಬೇರೂರಿದ ಎರಡು ತಪ್ಪು

‘ಕೋಪ್ ಅಪ್ ವಿತ್’ ಎಂಬುದು ಸರಿಯಲ್ಲ. ಭಾರತದಲ್ಲಿ ಎಲ್ಲೆಡೆ ಕೇಳುತ್ತೇವೆ, ಆದರೆ ಸರಿಯಾದದ್ದು ಎರಡೇ ಪದ, ‘ಕೋಪ್ ವಿತ್’, ಅಂದರೆ ಕಷ್ಟವನ್ನು ನಿಭಾಯಿಸು. ‘ಕೀಪ್ ಅಪ್ ವಿತ್’ ಮತ್ತು ‘ಪುಟ್ ಅಪ್ ವಿತ್’ ಎಂಬ ಹತ್ತಿರದ ಅರ್ಥದವು ಕಿವಿಯಲ್ಲಿರುವುದರಿಂದ ‘ಅಪ್’ ಇದರೊಳಗೂ ನುಸುಳಿದೆ ಅಂತ ನನಗನ್ನಿಸುತ್ತದೆ.

ಇನ್ನೊಂದು ‘ಪಾಸ್ಡ್ ಔಟ್ ಆಫ್ ಕಾಲೇಜ್’. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಓದು ಮುಗಿಸಿದೆ ಅಂತ. ಆದರೆ ಅಮೆರಿಕದಲ್ಲೋ ಬ್ರಿಟನ್‌ನಲ್ಲೋ ‘ಐ ಪಾಸ್ಡ್ ಔಟ್ ಇನ್ 2019’ ಅಂದರೆ ಆ ವರ್ಷ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಅಂತ ತಿಳಿಯುವವರೇ ಹೆಚ್ಚು. ಹೊರದೇಶದವರ ಇಂಟರ್‌ವ್ಯೂ ಇದ್ದರೆ ‘ಗ್ರ್ಯಾಜುಯೇಟೆಡ್ ಫ್ರಮ್’ ಅನ್ನಿ.

ಎಲ್ಲಿ ಬಳಸಬೇಕು, ಎಲ್ಲಿ ಬೇಡ ಅನ್ನುವುದಕ್ಕೆ ಒಂದು ಮಾತು ಸಾಕು. ಮಾತಿನಲ್ಲಿ, ಮೆಸೇಜಿನಲ್ಲಿ, ಸಾಮಾನ್ಯ ಮೇಲ್‌ನಲ್ಲಿ ಧಾರಾಳವಾಗಿ ಬಳಸಿ. ಅರ್ಜಿ, ವರದಿ, ಪ್ರಬಂಧದಲ್ಲಿ ‘ಪುಟ್ ಅಪ್ ವಿತ್’ ಬದಲು ‘ಟಾಲರೇಟ್’, ‘ಕಟ್ ಡೌನ್ ಆನ್’ ಬದಲು ‘ರೆಡ್ಯೂಸ್’ ಹೊಂದುತ್ತದೆ. ‘ಲುಕ್ ಫಾರ್ವರ್ಡ್ ಟು’ ಮಾತ್ರ ಎಲ್ಲ ಕಡೆ ನಡೆಯುತ್ತದೆ.

ಹಂತ 8: ನಿಮ್ಮ ಬದುಕಿನ ವಾಕ್ಯ ಬರೆಯಿರಿ

ಪುಸ್ತಕದ ಉದಾಹರಣೆ ನಕಲು ಮಾಡಿದರೆ ನಿಲ್ಲುವುದಿಲ್ಲ. ಪ್ರತಿಯೊಂದಕ್ಕೂ ನಿಮಗೆ ನಿಜವಾಗಿ ಅನ್ವಯಿಸುವ ಎರಡು ವಾಕ್ಯ ಬರೆಯಿರಿ. ಮನೆ ಪಕ್ಕದ ಕಟ್ಟಡ ಕೆಲಸದ ಸದ್ದು ಸಹಿಸುತ್ತಿದ್ದೀರಾ? ಅದು ‘ಪುಟ್ ಅಪ್ ವಿತ್’ಗೆ. ಆರು ತಿಂಗಳಿಂದ ಮಾಡಬೇಕು ಅಂದುಕೊಂಡ ಹಲ್ಲಿನ ಚೆಕಪ್? ‘ಗೆಟ್ ರೌಂಡ್ ಟು’ಗೆ. ದೀಪಾವಳಿಗೆ ಊರಿಗೆ ಹೋಗುವುದು? ‘ಲುಕ್ ಫಾರ್ವರ್ಡ್ ಟು’ಗೆ.

ನೋಟ್‌ಬುಕ್‌ನ ಎಡ ಪುಟದಲ್ಲಿ ಕನ್ನಡ ವಾಕ್ಯ, ಬಲ ಪುಟದಲ್ಲಿ ಇಂಗ್ಲಿಷ್. ಮೂರು ದಿನದ ನಂತರ ಬಲ ಪುಟ ಮುಚ್ಚಿ, ಕನ್ನಡ ನೋಡಿ ಇಂಗ್ಲಿಷ್ ಹೇಳಿ. ಇದನ್ನು ತಿರುಗಾಮುರುಗಾ ಮಾಡಬೇಡಿ. ಇಂಗ್ಲಿಷ್ ನೋಡಿ ಅರ್ಥ ಹೇಳುವುದು ಸುಲಭ, ಅದರಿಂದ ಮಾತಾಡಲು ಬರುವುದಿಲ್ಲ. ತಪ್ಪಿದ್ದಕ್ಕೆ ಒಂದು ಚುಕ್ಕಿ ಇಡಿ, ಒಂದು ವಾರ ಬಿಟ್ಟು ಅದನ್ನೇ ಮತ್ತೆ ನೋಡಿ. ಮೂರನೇ ಪದ ಮರೆತಿದ್ದರೆ ಆ ಪದಕ್ಕಷ್ಟೇ ಕೆಂಪು ಗೆರೆ ಎಳೆಯಿರಿ. ಜಾಸ್ತಿ ಸಲ ಗೆರೆ ಬೀಳುವುದು ಅಲ್ಲೇ.

ಇವತ್ತೇ ಶುರು ಮಾಡುವುದಾದರೆ ‘ರನ್ ಔಟ್ ಆಫ್’ನಿಂದ ಮಾಡಿ. ಅಡುಗೆಮನೆಗೆ ಹೋಗಿ, ಏನೇನು ಖಾಲಿಯಾಗಿದೆ ನೋಡಿ, ‘ವಿ ಹ್ಯಾವ್ ರನ್ ಔಟ್ ಆಫ್’ ಅಂತ ಶುರು ಮಾಡಿ ಮೂರು ವಾಕ್ಯ ಬರೆಯಿರಿ.